ಕೆರೆ ಮುಟ್ಟಬೇಡ ಅಂದವರೇ ಈಜು ಬರುತ್ತಾ ಅಂತ ಕೇಳ್ತಾರೆ

ಹೋದ ಸಭೆಯಲ್ಲಿ ನಾವು ಒಂದು ಬೇಡಿಕೆ ಓದಿದೆವು. ಹಾಸ್ಟೆಲಿನ ಹುಡುಗರು ಸರಕು ಹಡಗಿಗೆ ಖಲಾಸಿ ಕೆಲಸಕ್ಕೆ ಹೋಗಲು ಬೇಕಾದ ತರಬೇತಿ, ಅದರಲ್ಲೂ ಹಡಗು ಮುಳುಗುವಾಗ ಲೈಫ್‌ಬೋಟ್ ಇಳಿಸಿ ನಡೆಸುವ ತರಬೇತಿ, ಇದರ ಪೂರ್ತಿ ಖರ್ಚನ್ನು ಸರ್ಕಾರವೇ ಹೊರಬೇಕು ಅಂತ. ಓದಿ ಮುಗಿಸುವ ಮೊದಲೇ ನಗು ಕೇಳಿಸಿತು. ನಕ್ಕವರು ಮೇಲ್ಜಾತಿಯವರಲ್ಲ, ನಮ್ಮವರೇ. "ಊರಿನ ಬೋರ್‌ವೆಲ್ ನೀರಿನ ಜಗಳವೇ ಮುಗಿದಿಲ್ಲ, ಇವರು ಅರಬ್ಬೀ ಸಮುದ್ರಕ್ಕೆ ಹೊರಟವ್ರೆ" ಅಂದರು ಒಬ್ಬ ಹಿರಿಯರು. ಪಕ್ಕದಲ್ಲಿದ್ದವರು, "ಮೊದಲು ಈಜು ಕಲೀರಪ್ಪ" ಅಂದರು.

ಹಿರಿಯರ ಮಾತಿಗೆ ಆಮೇಲೆ ಬರುತ್ತೇವೆ. ಈಜಿನ ಮಾತು ನಮ್ಮನ್ನು ಆ ರಾತ್ರಿ ಮಲಗಲು ಬಿಡಲಿಲ್ಲ.

ನಮ್ಮಲ್ಲಿ ಎಷ್ಟು ಜನಕ್ಕೆ ಈಜು ಬರುತ್ತೆ? ಹಾಸ್ಟೆಲಿನ ಒಂದು ಕೋಣೆಯಲ್ಲಿ ಕೇಳಿದೆವು. ಹನ್ನೊಂದು ಜನರಲ್ಲಿ ಇಬ್ಬರು ಕೈಯೆತ್ತಿದರು. ಒಬ್ಬ ನಾಲೆಯಲ್ಲಿ ಕಲಿತವನು, ಇನ್ನೊಬ್ಬ ಕಲ್ಲುಕ್ವಾರಿಯ ಗುಂಡಿಯಲ್ಲಿ ಕಲಿತವನು. ಉಳಿದ ಒಂಬತ್ತು ಜನರ ಊರಿನಲ್ಲೂ ಕೆರೆ ಇತ್ತು, ಕಲ್ಯಾಣಿ ಇತ್ತು, ತೋಟದ ಬಾವಿ ಇತ್ತು. ಗೌಡರ ಮಕ್ಕಳು, ಶಾನುಭೋಗರ ಮಕ್ಕಳು ಸೊಂಟಕ್ಕೆ ಒಣಸೋರೆ ಬುರುಡೆ ಕಟ್ಟಿಕೊಂಡು ಬೇಸಿಗೆ ರಜೆಯಲ್ಲಿ ಧುಮುಕುತ್ತಿದ್ದರು. ನಮ್ಮವರು ದಡದಲ್ಲಿ ದನ ಹಿಡಿದುಕೊಂಡು ನಿಂತಿದ್ದರು. ದನ ನೀರಿಗಿಳಿದರೆ ಕೆರೆ ಕೆಡುವುದಿಲ್ಲ, ದನ ಕಾಯುವವನು ಇಳಿದರೆ ಕೆಡುತ್ತೆ. ಹೀಗೆ ತಲೆತಲಾಂತರ ನೀರಿನಿಂದ ದೂರ ಇಟ್ಟು, ಇವತ್ತು ಕೇಳ್ತಾರೆ: ಈಜು ಬರುತ್ತೇನಪ್ಪಾ?

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಇಳಿದು ಒಂದು ಬೊಗಸೆ ನೀರು ಕುಡಿದರು. ಅದಕ್ಕಾಗಿ ನಮ್ಮವರ ತಲೆಗಳು ಒಡೆದವು. ಗೋಮೂತ್ರ, ಸಗಣಿ ಸುರಿದು ಕೆರೆಯನ್ನು ಶುದ್ಧ ಮಾಡಿದರು. ಅದೇ 1927ರಲ್ಲಿ ಅದೇ ಮುಂಬಯಿ ಪ್ರಾಂತದಲ್ಲಿ ಬ್ರಿಟಿಷ್ ಸರ್ಕಾರ ಡಫರಿನ್ ಎಂಬ ತರಬೇತಿ ಹಡಗನ್ನು ಶುರು ಮಾಡಿತು. ಭಾರತೀಯ ಹುಡುಗರನ್ನು ಹಡಗಿನ ಅಧಿಕಾರಿಗಳನ್ನಾಗಿ ತಯಾರು ಮಾಡುವ ಹಡಗು ಅದು. ಒಂದೇ ವರ್ಷ, ಒಂದೇ ಕರಾವಳಿ. ಒಂದು ಕಡೆ ಕೆರೆಯ ನೀರು ಮುಟ್ಟಿದ್ದಕ್ಕೆ ದೊಣ್ಣೆ ಏಟು, ಇನ್ನೊಂದು ಕಡೆ ಸಮುದ್ರ ಆಳುವುದಕ್ಕೆ ಸರ್ಕಾರಿ ಶಾಲೆ. ಯಾರ ಮಕ್ಕಳು ಎಲ್ಲಿದ್ದರು ಎಂದು ನಾವು ಬಿಡಿಸಿ ಹೇಳಬೇಕೇ?

ಇನ್ನೊಂದು ತಮಾಷೆ ನೋಡಿ. ಸಮುದ್ರ ದಾಟಿದರೆ ಜಾತಿ ಕೆಡುತ್ತೆ ಅಂತ ಶಾಸ್ತ್ರ ಹೇಳಿದವರು ಇದೇ ಜನ. ಬಾರಿಸ್ಟರ್ ಪದವಿಗೆ ಹೋಗಿ ಬಂದವರು ಪ್ರಾಯಶ್ಚಿತ್ತ ಮಾಡಿಕೊಂಡು, ಪಂಚಗವ್ಯ ಕುಡಿದು ಮತ್ತೆ ಪಂಕ್ತಿಯಲ್ಲಿ ಕೂತರು. ಹಾಗಾದರೆ ನೂರಿನ್ನೂರು ವರ್ಷ ಇಂಗ್ಲಿಷರ ಹಡಗುಗಳಲ್ಲಿ ದುಡಿದವರು ಯಾರು? ಸಿಲ್ಹೆಟ್ಟಿನ, ಕೊಂಕಣದ, ರತ್ನಾಗಿರಿಯ ಬಡ ಮುಸಲ್ಮಾನರು, ಗೋವಾದ ಕ್ರೈಸ್ತರು, ಗುಜರಾತಿನ ಖಾರ್ವಾಗಳು. ಲಾಸ್ಕರ್ ಅಂತ ಕರೆದರು ಅವರನ್ನು. ಬಿಳಿಯ ನಾವಿಕನ ಸಂಬಳದಲ್ಲಿ ಒಂದು ತುಣುಕು ಅವರಿಗೆ, ಮಲಗಲು ಇನ್ನೂ ಇಕ್ಕಟ್ಟಾದ ಜಾಗ.

ನಮ್ಮವರೂ ಆ ಹಡಗಿನಲ್ಲಿ ಇದ್ದರು. ಎಲ್ಲಿ ಅಂದರೆ ಕಕ್ಕಸಿನಲ್ಲಿ. ಭಾರತೀಯ ನೌಕರರಿದ್ದ ಹಡಗುಗಳಲ್ಲಿ 'ಟೋಪಾಸ್' ಅಂತ ಒಂದು ಹುದ್ದೆ. ಶೌಚಾಲಯ ತೊಳೆಯುವುದು, ಮೋರಿ ಬಳಿಯುವುದು, ಕಸ ಬಳಿಯುವುದು. ಆ ಹುದ್ದೆಗೆ ಜನ ಬಂದದ್ದು ಸಫಾಯಿ ಜಾತಿಗಳಿಂದ. ಹಡಗು ಲಂಡನ್ನಿಗೆ ಹೋದರೂ ಹೊಲಗೇರಿ ಹಡಗಿನೊಳಗೇ ಇತ್ತು. ಇದನ್ನು ಓದುವ ಹಾಸ್ಟೆಲಿನ ಗೆಳೆಯ ನೆನಪಿಟ್ಟುಕೊಳ್ಳಬೇಕು. 'ಸಮುದ್ರಕ್ಕೆ ಜಾತಿ ಇಲ್ಲ' ಅಂತ ಯಾರಾದರೂ ಕವಿತೆ ಓದಿದರೆ ಟೋಪಾಸನ ಪೊರಕೆ ತೋರಿಸಿ.

ಈಗ ಬೋಟಿನ ವಿಷಯಕ್ಕೆ ಬರೋಣ.

1922ರ ಮೇ 20. ಲಂಡನ್ನಿನಿಂದ ಮುಂಬಯಿಗೆ ಹೊರಟ ಪಿ ಅಂಡ್ ಒ ಕಂಪನಿಯ ಈಜಿಪ್ಟ್ ಎಂಬ ಹಡಗು ಫ್ರಾನ್ಸಿನ ತೀರದ ಆಚೆ ದಟ್ಟ ಮಂಜಿನಲ್ಲಿ ಸಾಗುತ್ತಿತ್ತು. ಸೆನ್ ಎಂಬ ಫ್ರೆಂಚ್ ಹಡಗು ಬಂದು ಗುದ್ದಿತು. ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಈಜಿಪ್ಟ್ ತಳ ಸೇರಿತು. ಸತ್ತವರು 86 ಜನ. ಅದರಲ್ಲಿ 71 ಜನ ಹಡಗಿನ ನೌಕರರು, 15 ಜನ ಪ್ರಯಾಣಿಕರು. ಈ ಲೆಕ್ಕ ನೋಡಿದರೆ ಯಾರು ಯಾರಿಗಾಗಿ ಅಳಬೇಕಿತ್ತು? ಆದರೆ ಇಂಗ್ಲೆಂಡಿನ ಪತ್ರಿಕೆಗಳು ಲಾಸ್ಕರರ ಮೇಲೆ ಮುಗಿಬಿದ್ದವು. ಕರಿಯರು ಗಾಬರಿಬಿದ್ದು ಬೋಟುಗಳಿಗೆ ನುಗ್ಗಿದರು, ಹೆಂಗಸರನ್ನು ತಳ್ಳಿದರು, ಇಂಥ ಜನಾಂಗಕ್ಕೆ ಧೈರ್ಯವೇ ಇಲ್ಲ ಎಂದು ಬರೆದವು. ಆಮೇಲೆ ವಿಚಾರಣೆ ನಡೆಯಿತು. ಜೀವ ಉಳಿಸಲು ತಕ್ಕ ಕ್ರಮ ತೆಗೆದುಕೊಳ್ಳಲಿಲ್ಲ ಎಂದು ನ್ಯಾಯಾಲಯ ತಪ್ಪು ಹೊರಿಸಿದ್ದು ಕ್ಯಾಪ್ಟನ್ ಮೇಲೆ, ಮುಖ್ಯ ಅಧಿಕಾರಿಯ ಮೇಲೆ. ಕ್ಯಾಪ್ಟನ್ನನ ಸರ್ಟಿಫಿಕೇಟು ಆರು ತಿಂಗಳು ಅಮಾನತಾಯಿತು. ಬೋಟು ಇಳಿಸುವ ಕವಾಯತು ಆ ನೌಕರರಿಗೆ ಸರಿಯಾಗಿ ಕಲಿಸಿರಲೇ ಇಲ್ಲ ಎಂಬುದು ಹೊರಬಿತ್ತು.

ಕಲಿಸಬೇಕಾದವನು ಕಲಿಸಲಿಲ್ಲ, ಬೈಸಿಕೊಂಡವನು ಕಲಿಯದವನು. ಗೆಳೆಯರೇ, ಈ ಕತೆ ಎಲ್ಲೋ ಕೇಳಿದ ಹಾಗೆ ಇಲ್ಲವೇ? ನಮಗೆ ಅಕ್ಷರ ಕೊಡದೆ ದಡ್ಡರು ಅಂದರು. ನೀರು ಕೊಡದೆ ಕೊಳಕರು ಅಂದರು. ಈಗ ಮೆರಿಟ್ಟು ಅಂತಾರೆ.

ಈಜಿಪ್ಟಿನ ಕತೆಗೆ ಒಂದು ಬಾಲ ಇದೆ. ಆ ಹಡಗಿನಲ್ಲಿ ಹತ್ತು ಲಕ್ಷ ಪೌಂಡಿಗೂ ಮೀರಿದ ಚಿನ್ನ ಬೆಳ್ಳಿ ಇತ್ತು. ಅದನ್ನು ಮರೆಯಲು ಯಾರೂ ತಯಾರಿರಲಿಲ್ಲ. ವರ್ಷಗಟ್ಟಲೆ ಹುಡುಕಿ, ಹುಡುಕುವ ದಾರಿಯಲ್ಲಿ ಇಟಲಿಯ ಮುಳುಗುಗಾರರು ಪ್ರಾಣವನ್ನೂ ಕಳೆದುಕೊಂಡು, ಕೊನೆಗೆ 1932ರಲ್ಲಿ ಸಮುದ್ರದ ತಳದಿಂದ ಚಿನ್ನದ ಗಟ್ಟಿಗಳನ್ನು ಎತ್ತಿದರು. ಹತ್ತು ವರ್ಷ ಬೇಕಾದರೂ ಚಿನ್ನ ಮೇಲೆ ಬಂತು. ಖಲಾಸಿಗೆ ಬೋಟಿನ ಹಗ್ಗ ಬಿಚ್ಚುವುದನ್ನು ಕಲಿಸಲು ಎಷ್ಟು ದಿನ ಬೇಕಿತ್ತು?

ಐದು ದಿನ. ಇವತ್ತು ಅದು ಸುಮಾರು ಐದು ದಿನದ ಕೋರ್ಸು.

ಲೈಫ್‌ಬೋಟ್ ಅಂದರೆ ಹಳ್ಳಿಯ ತೆಪ್ಪ ಅಲ್ಲ. ಹಡಗಿನ ಪಕ್ಕದಲ್ಲಿ ಐದಾರು ಅಂತಸ್ತಿನ ಎತ್ತರದಲ್ಲಿ, ಡೇವಿಟ್ ಎಂಬ ಎರಡು ಕಬ್ಬಿಣದ ತೋಳುಗಳಿಗೆ ತಂತಿಹಗ್ಗದಲ್ಲಿ ತೂಗುಹಾಕಿರುತ್ತಾರೆ. ಹಡಗು ವಾಲಿರುತ್ತದೆ, ಕತ್ತಲಿರುತ್ತದೆ, ಅಲೆ ಏಳುತ್ತಿರುತ್ತದೆ. ಒಬ್ಬ ಬ್ರೇಕು ಹಿಡಿದು ಸಮನಾಗಿ ಇಳಿಸಬೇಕು. ಮೂತಿ ಮೊದಲು ಇಳಿದರೆ ಜನ ಉದುರುತ್ತಾರೆ. ನೀರು ಮುಟ್ಟಿದ ಗಳಿಗೆಯಲ್ಲಿ ಹಿಂದಿನ ಮುಂದಿನ ಕೊಕ್ಕೆಗಳು ಒಟ್ಟಿಗೆ ಬಿಡಬೇಕು. ಒಂದು ಬಿಟ್ಟು ಒಂದು ಸಿಕ್ಕಿಕೊಂಡರೆ ಬೋಟು ಮಗುಚುತ್ತದೆ. ಆಮೇಲೆ ಎಂಜಿನ್ ಶುರು ಮಾಡಿ, ಮುಳುಗುತ್ತಿರುವ ಹಡಗು ಎಳೆದುಕೊಳ್ಳದ ಹಾಗೆ ದೂರ ಹೋಗಬೇಕು. ನೀರಿನಲ್ಲಿದ್ದವರನ್ನು ಎತ್ತಿಕೊಳ್ಳಬೇಕು, ಬೆಂಕಿಬಾಣ ಹಾರಿಸಬೇಕು, ವಾಂತಿ ಮಾಡುವವರನ್ನು, ಹುಚ್ಚು ಹಿಡಿದವರ ಹಾಗೆ ಕೂಗುವವರನ್ನು ಹಿಡಿದು ಕೂರಿಸಬೇಕು. ಯಾವ ಜಾತಿಯವನೂ ಇದನ್ನು ತಾಯ ಗರ್ಭದಲ್ಲಿ ಕಲಿತು ಬಂದಿಲ್ಲ.

1912ರಲ್ಲಿ ಟೈಟಾನಿಕ್ ಮುಳುಗಿದಾಗ ಇದು ಜಗತ್ತಿಗೆಲ್ಲ ಗೊತ್ತಾಯಿತು. ಹಡಗಿನಲ್ಲಿ ಸುಮಾರು 2,200 ಜನ. 20 ಬೋಟುಗಳಲ್ಲಿ ಇದ್ದ ಜಾಗ 1,178 ಜನರಿಗೆ. ಬದುಕಿದ್ದು ಸುಮಾರು 700. ಅಂದರೆ ಇದ್ದ ಜಾಗದಲ್ಲೂ ನಾನೂರಕ್ಕೂ ಹೆಚ್ಚು ಸೀಟು ಖಾಲಿ ಹೋಯಿತು. 40 ಜನ ಹಿಡಿಸುವ ಒಂದು ಬೋಟು 12 ಜನರನ್ನು ಕೂರಿಸಿಕೊಂಡು ಇಳಿಯಿತು. ತುಂಬಿಸಿದರೆ ಬೋಟು ಮುರಿದೀತು ಅಂತ ಅಧಿಕಾರಿಗಳೇ ಹೆದರಿದ್ದರು. ಅವು ತುಂಬಿದ ಭಾರಕ್ಕೆ ಪರೀಕ್ಷೆಯಾದ ಬೋಟುಗಳು ಎಂದು ಅವರಿಗೇ ಗೊತ್ತಿರಲಿಲ್ಲ. ಅವರೆಲ್ಲ ಬಿಳಿಯರು, ಸರ್ಟಿಫಿಕೇಟು ಇದ್ದವರು. ಅವರ ಜನಾಂಗಕ್ಕೆ ಬುದ್ಧಿ ಇಲ್ಲ ಅಂತ ಯಾವ ಪತ್ರಿಕೆಯೂ ಬರೆಯಲಿಲ್ಲ ನೋಡಿ! ಮೊದಲ ದರ್ಜೆಯವರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನ ಉಳಿದರು, ಮೂರನೆಯ ದರ್ಜೆಯಲ್ಲಿ ನೂರಕ್ಕೆ ಇಪ್ಪತ್ತೈದರ ಹತ್ತಿರ. ಹಡಗಿನ ತಳದಲ್ಲಿ ಮಲಗಿದವನಿಗೆ ಬೋಟಿನ ದಾರಿ ದೂರ.

ಆ ಸಾವುಗಳ ಮೇಲೆ ಕಾನೂನು ಬಂತು. 1914ರಲ್ಲಿ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಬಂತು, ಬೋಟು ನಡೆಸಲು ಅರ್ಹತಾಪತ್ರ ಪಡೆದ ನಾವಿಕರು ಇರಬೇಕು ಎಂದಿತು. ಅಮೆರಿಕದಲ್ಲಿ 1915ರಲ್ಲಿ ನಾವಿಕರ ಕಾಯ್ದೆ ಬಂತು. ಅದು ದುಡಿಯುವವರ ಹೋರಾಟದಿಂದ ಬಂದ ಒಳ್ಳೆಯ ಕಾಯ್ದೆ. ಆದರೆ ಅದರೊಳಗೇ ಒಂದು ಮುಳ್ಳು ಇತ್ತು: ನೌಕರರಲ್ಲಿ ನೂರಕ್ಕೆ 75 ಜನಕ್ಕೆ ಅಧಿಕಾರಿಯ ಭಾಷೆ ತಿಳಿಯಬೇಕು. ಕೇಳಲು ನ್ಯಾಯವಾಗಿಯೇ ಇದೆ. ಅದರ ಗುರಿ ಚೀನೀ ಮತ್ತು ಏಷ್ಯಾದ ನಾವಿಕರನ್ನು ಹೊರಗೆ ಹಾಕುವುದು. ಭಾಷೆ ಕಲಿಸೋಣ ಅನ್ನಲಿಲ್ಲ, ಬರದಿದ್ದರೆ ಇಳಿ ಅಂದರು. ಇವತ್ತು ಹತ್ತನೆಯ ತರಗತಿ ಮುಗಿಸಿ ಖಲಾಸಿ ತರಬೇತಿಗೆ ಹೋಗುವ ನಮ್ಮ ಹುಡುಗನಿಗೆ ಇಂಗ್ಲಿಷಿನಲ್ಲಿ ಇಷ್ಟು ಅಂಕ ಬೇಕು ಅಂತ ಕೇಳುವಾಗ ನಮಗೆ ಆ ಕಲಮು ನೆನಪಾಗುತ್ತದೆ. ಕಡಲಿನಲ್ಲಿ ಇಂಗ್ಲಿಷ್ ಬೇಕು, ಒಪ್ಪುತ್ತೇವೆ. ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟರ ಜಾಗ ವರ್ಷಗಟ್ಟಲೆ ಖಾಲಿ ಬಿಟ್ಟವರು ಯಾರು ಅಂತಲೂ ಕೇಳುತ್ತೇವೆ.

1928ರ ನವೆಂಬರಿನಲ್ಲಿ ವೆಸ್ಟ್ರಿಸ್ ಎಂಬ ಹಡಗು ನ್ಯೂಯಾರ್ಕಿನಿಂದ ಹೊರಟು ಅಮೆರಿಕದ ತೀರದ ಆಚೆ ಮುಳುಗಿತು. ನೂರಕ್ಕೂ ಹೆಚ್ಚು ಜನ ಸತ್ತರು, ಒಂದು ಮಗುವೂ ಉಳಿಯಲಿಲ್ಲ. ನೌಕರರಲ್ಲಿ ಬಹಳ ಜನ ಬಾರ್ಬಡೋಸಿನ ಕರಿಯರು. ಮತ್ತೆ ಅದೇ ರಾಗ, ಕರಿಯರು ಹೇಡಿಗಳು! ಅದೇ ಹಡಗಿನ ಕ್ವಾರ್ಟರ್‌ಮಾಸ್ಟರ್ ಲಯನೆಲ್ ಲಿಕೊರಿಶ್, ಬಾರ್ಬಡೋಸಿನ ಕರಿಯ ಹುಡುಗ, ಒಂದು ಬೋಟು ಹಿಡಿದು ಸಮುದ್ರದಲ್ಲಿ ಒದ್ದಾಡುತ್ತಿದ್ದ ಸುಮಾರು 20 ಜನರನ್ನು ಎಳೆದು ಹಾಕಿಕೊಂಡ. ಆಮೇಲೆ ಅವನಿಗೆ ಹಾರ ಹಾಕಿದರು. ಹಾರ ಹಾಕಿಸಿಕೊಳ್ಳಲು ಪ್ರತಿಯೊಬ್ಬ ಕರಿಯನೂ ಇಪ್ಪತ್ತು ಜನರನ್ನು ಉಳಿಸಬೇಕು, ಬೈಸಿಕೊಳ್ಳಲು ಕರಿಯನಾಗಿದ್ದರೆ ಸಾಕು.

ಸರ್ಕಾರ ಯಾಕೆ ದುಡ್ಡು ಹಾಕಬೇಕು, ಹಡಗು ಕಂಪನಿಯವರ ಲಾಭಕ್ಕೆ ಸರ್ಕಾರದ ಗಂಟೇಕೆ ಅಂತ ಕೆಲವು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಂಪನಿಯವರಿಂದ ಕಂದಾಯ ಹಾಕಿ ವಸೂಲು ಮಾಡಲಿ, ನಾವೂ ಜೊತೆಗೆ ಕೂಗುತ್ತೇವೆ. ಆದರೆ ಕಂಪನಿ ತಾನಾಗಿ ಕಲಿಸುತ್ತೆ ಅಂತ ಕಾದವರು ಸತ್ತಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಹಡಗುಗಳಲ್ಲಿ ದುಡಿದ ಭಾರತದ ನಾವಿಕರು ಸುಮಾರು ಆರು ಸಾವಿರ ಜನ ಸತ್ತರು. ಅದೇ ಯುದ್ಧದಲ್ಲಿ, ಟಾರ್ಪಿಡೊ ಬಿದ್ದ ಹಡಗುಗಳ ಬೋಟುಗಳಲ್ಲಿ ಗಟ್ಟಿಮುಟ್ಟಾದ ಹುಡುಗರು ಸಾಯುತ್ತಿದ್ದಾರೆ, ಪಳಗಿದ ಮುದುಕ ನಾವಿಕರು ಉಳಿಯುತ್ತಿದ್ದಾರೆ ಎಂಬುದನ್ನು ಬ್ರಿಟನ್ನಿನ ಒಬ್ಬ ಹಡಗು ಮಾಲೀಕ ಲಾರೆನ್ಸ್ ಹೋಲ್ಟ್ ಕಂಡ. ಅದಕ್ಕೇ 1941ರಲ್ಲಿ ವೇಲ್ಸಿನ ಅಬರ್‌ಡವಿಯಲ್ಲಿ ಹುಡುಗರಿಗೆ ಕಡಲ ಶಾಲೆ ತೆರೆಯಲಾಯಿತು. ಬಲ ಇದ್ದರೆ ಸಾಲದು, ಕಲಿತಿರಬೇಕು ಅಂತ ಗೊತ್ತಾಗಲು ಅಷ್ಟು ಹೆಣ ಬೇಕಾಯಿತು.

ಅಮೆರಿಕದ ಸರ್ಕಾರ 1938ರಲ್ಲಿ ಮ್ಯಾರಿಟೈಮ್ ಸರ್ವಿಸ್ ಅಂತ ಮಾಡಿ, ಯುದ್ಧಕಾಲದಲ್ಲಿ ಸರ್ಕಾರದ ಖರ್ಚಿನಲ್ಲೇ ಊಟ, ಬಟ್ಟೆ, ಭತ್ಯೆ ಕೊಟ್ಟು ನಾವಿಕರನ್ನು ತಯಾರು ಮಾಡಿತು. ಬೋಟು ಇಳಿಸುವುದು, ಹುಟ್ಟು ಹಾಕುವುದು ಅಲ್ಲಿ ಮುಖ್ಯ ಪಾಠ. ಅಮೆರಿಕದ ಸೈನ್ಯದಲ್ಲಿ ಕರಿಯರಿಗೆ ಬೇರೆ ಪಡೆ ಇದ್ದ ಕಾಲದಲ್ಲಿ ಆ ತರಬೇತಿ ಕೇಂದ್ರಗಳಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಕಲಿತರು. 1942ರಲ್ಲಿ ಹ್ಯೂ ಮುಲ್ಜಾಕ್ ಎಂಬ ಕರಿಯ ನಾವಿಕ ಬೂಕರ್ ಟಿ. ವಾಷಿಂಗ್ಟನ್ ಎಂಬ ಹಡಗಿಗೆ ಕ್ಯಾಪ್ಟನ್ ಆದ. ಬರೀ ಕರಿಯರ ಹಡಗು ಬೇಡ, ಎಲ್ಲರೂ ಸೇರಿದ ಹಡಗು ಬೇಕು ಅಂತ ಹಟ ಹಿಡಿದು ಆದ. ಅದಕ್ಕೆ ಮುಂಚೆ ಕ್ಯಾಪ್ಟನ್ನನ ಅರ್ಹತೆ ಇದ್ದೂ ಅವನು ವರ್ಷಗಟ್ಟಲೆ ಹಡಗುಗಳ ಅಡಿಗೆಮನೆಯಲ್ಲಿ ದುಡಿದವನು. ನಮ್ಮ ಪ್ಯಾಂಥರ್ ಗೆಳೆಯರು 1972ರಲ್ಲಿ ಅಮೆರಿಕದ ಕರಿಯರಿಂದ ಹೆಸರು ತಂದರು. ನಾವು ಈ ಪಾಠವನ್ನೂ ತರೋಣ.

ಬ್ರಿಟನ್ನಿನವರೂ ಧರ್ಮಕ್ಕೆ ಮಾಡುವವರಲ್ಲ, ವ್ಯಾಪಾರಿಗಳು. ತಮ್ಮ ನಾವಿಕರ ಸಂಖ್ಯೆ ಕುಸಿದಾಗ 1998ರಲ್ಲಿ ಸರ್ಕಾರದ ಹಣದಿಂದಲೇ ನಾವಿಕರ ತರಬೇತಿಗೆ ನೆರವು ಕೊಡುವ ಯೋಜನೆ ಶುರು ಮಾಡಿದರು. ಖಾಸಗಿಯವರೇ ಎಲ್ಲ ಮಾಡ್ತಾರೆ ಅಂತ ನಮಗೆ ಪಾಠ ಹೇಳುವ ದೇಶದವರು ತಮ್ಮ ಮನೆಯಲ್ಲಿ ಮಾಡಿಕೊಂಡದ್ದು ಇದು.

ಇಲ್ಲಿ ಏನಾಯಿತು? ಸ್ವಾತಂತ್ರ್ಯ ಬಂದ ಮೇಲೆ ಭಾರತ ಸರ್ಕಾರ ಖಲಾಸಿಗಳಿಗೆಂದೇ ಮೂರು ತರಬೇತಿ ಹಡಗು ನಡೆಸುತ್ತಿತ್ತು. ಕಲ್ಕತ್ತೆಯಲ್ಲಿ ಭದ್ರಾ, ವಿಶಾಖಪಟ್ಟಣದಲ್ಲಿ ಮೇಖಲಾ, ಗುಜರಾತಿನಲ್ಲಿ ನೌಲಕ್ಷ್ಮಿ. ಅಧಿಕಾರಿಗಳ ಡಫರಿನ್ ಹೋಗಿ 1972ರಲ್ಲಿ ರಾಜೇಂದ್ರ ಬಂತು, ರಾಜೇಂದ್ರ ಹೋಗಿ 1993ರಲ್ಲಿ ಚಾಣಕ್ಯ ಬಂತು. ಅಧಿಕಾರಿಗಳ ಶಾಲೆಗೆ ವಾರಸುದಾರರು ಹುಟ್ಟುತ್ತಲೇ ಹೋದರು. ಖಲಾಸಿಗಳ ಮೂರು ಹಡಗು ಮುಚ್ಚಿದವು. ತೊಂಬತ್ತರ ದಶಕದ ಕೊನೆಯಲ್ಲಿ ತರಬೇತಿಯ ಬಾಗಿಲನ್ನು ಖಾಸಗಿಯವರಿಗೆ ತೆರೆದರು. ಈಗ ಆರು ತಿಂಗಳ ಖಲಾಸಿ ಕೋರ್ಸಿಗೆ ಲಕ್ಷಗಟ್ಟಲೆ ಶುಲ್ಕ. 2008ರಲ್ಲಿ ಬಂದ ಕೇಂದ್ರದ ಕಡಲ ವಿಶ್ವವಿದ್ಯಾಲಯದಲ್ಲಿ ಮೀಸಲಾತಿ ಇದೆ, ಸರಿ. ಆದರೆ ಅದು ಪದವಿಯವರ ಮನೆ. ಎಸ್‌.ಎಸ್‌.ಎಲ್‌.ಸಿ. ಮುಗಿಸಿದ ಕೂಲಿಯವನ ಮಗನ ಎದುರಿಗೆ ಇರುವುದು ಖಾಸಗಿಯವನ ಗೇಟು, ಗೇಟಿನ ಮುಂದೆ ನಿಂತ ದಲ್ಲಾಳಿ.

ಈ ದಲ್ಲಾಳಿಯನ್ನು ನಾವು ಬಲ್ಲೆವು. ನಮ್ಮ ಜೊತೆ ಹಾಸ್ಟೆಲಿನಲ್ಲಿ ಇದ್ದ ಒಬ್ಬ ಹುಡುಗ. ಅಪ್ಪ ಇಟ್ಟಿಗೆ ಗೂಡಿನಲ್ಲಿ, ಅವ್ವ ಗಾರೆ ಕೆಲಸಕ್ಕೆ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ 'ಮರ್ಚೆಂಟ್ ನೇವಿ, ಡಾಲರಿನಲ್ಲಿ ಸಂಬಳ' ಅಂತ ಅಂಟಿಸಿದ್ದನ್ನು ನೋಡಿ ಫೋನು ಮಾಡಿದ. ಅವ್ವನ ಓಲೆ, ಎರಡು ಹಸು, ಹೆಂಗಸರ ಸಂಘದಿಂದ ಎತ್ತಿದ ಸಾಲ, ಎಲ್ಲ ಹೋಯಿತು. ದೂರದ ಒಂದು ಊರಿನಲ್ಲಿ ಕೋಣೆಯೊಳಗೆ ಹತ್ತು ದಿನ ಕೂರಿಸಿ, ಟಿ.ವಿ.ಯಲ್ಲಿ ಏನೋ ತೋರಿಸಿ, ಕೈಗೆ ನಾಲ್ಕು ಸರ್ಟಿಫಿಕೇಟು ಕೊಟ್ಟರು. ಅದರಲ್ಲಿ ಒಂದು ಲೈಫ್‌ಬೋಟ್ ಇಳಿಸುವುದರಲ್ಲಿ ಪರಿಣತ ಎಂದು. ಅವನು ಅಲ್ಲಿಯವರೆಗೆ ಲೈಫ್‌ಬೋಟನ್ನೇ ಕಂಡಿರಲಿಲ್ಲ. ಆ ಕೋರ್ಸಿಗೆ ಹದಿನೆಂಟು ವರ್ಷ ತುಂಬಿರಬೇಕು, ಮೊದಲೇ ತಿಂಗಳುಗಟ್ಟಲೆ ಕಡಲಿನಲ್ಲಿ ದುಡಿದಿರಬೇಕು ಎಂಬ ನಿಯಮ ಇರುವುದೂ ಅವನಿಗೆ ಗೊತ್ತಿರಲಿಲ್ಲ. ಕಾಗದ ಖೋಟಾ ಅಂತ ಬಂದರಿನಲ್ಲಿ ಹಿಡಿದರು. ಹಿಡಿದದ್ದೇ ಪುಣ್ಯ. ಹಿಡಿಯದೇ ಹೋಗಿದ್ದರೆ ಯಾವುದೋ ರಾತ್ರಿ ಯಾವುದೋ ಕಡಲಿನಲ್ಲಿ ಅವನ ಕೈಗೆ ಬ್ರೇಕು ಕೊಡುತ್ತಿದ್ದರು. ಅವನು ಈಗ ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಗೇಟು ಕಾಯುತ್ತಾನೆ. ಸಾಲ ತೀರಿಲ್ಲ. ದೂರು ಕೊಡೋಕೆ ಹೋದರೆ, "ನಿಮ್ಮಂಥೋರಿಗೆ ಹಡಗು ಯಾಕೆ ಬೇಕಿತ್ತಯ್ಯ?" ಅಂದರಂತೆ ಅಲ್ಲಿ ಕೂತಿದ್ದವರು.

ನೌಕರಿ ಕೊಡಿಸಲು ನಾವಿಕನಿಂದ ಹಣ ಕೀಳಬಾರದು ಅಂತ 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ ಹೇಳುತ್ತದೆ. ಭಾರತ 2015ರಲ್ಲಿ ಅದಕ್ಕೆ ಸಹಿ ಹಾಕಿದೆ. ಸಹಿ ದಿಲ್ಲಿಯಲ್ಲಿ ಇದೆ, ದಲ್ಲಾಳಿ ಬಸ್ ಸ್ಟ್ಯಾಂಡಿನಲ್ಲಿ ಇದ್ದಾನೆ.

2021ರ ಮೇ ತಿಂಗಳು ನೆನಪು ಮಾಡಿಕೊಳ್ಳಿ. ತೌಕ್ತೆ ಚಂಡಮಾರುತ. ಮುಂಬಯಿ ಆಚೆಯ ತೈಲಬಾವಿಗಳ ಹತ್ತಿರ ಪಿ-305 ಎಂಬ ಬಾರ್ಜು ಲಂಗರು ಕಿತ್ತು ಮುಳುಗಿತು. ಅದರ ಮೇಲೆ ಇದ್ದವರು 261 ಜನ. ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬಹಳ ಜನ ಗುತ್ತಿಗೆ ಕೂಲಿಗಳು, ವೆಲ್ಡರು, ಫಿಟ್ಟರು, ಅಡಿಗೆಯವರು. ಗಾಳಿ ತುಂಬುವ ಜೀವರಕ್ಷಕ ತೆಪ್ಪಗಳಲ್ಲಿ ತೂತು ಬಿದ್ದಿತ್ತು, ಕೆಲಸಕ್ಕೆ ಬರಲಿಲ್ಲ ಅಂತ ಉಳಿದು ಬಂದವರು ಹೇಳಿದರು. ಅದೇ ಗಾಳಿಗೆ ನಮ್ಮ ಮಂಗಳೂರಿನ ಕಡೆಯೂ ಟಗ್ಗು ಮಗುಚಿ ಜನ ಸತ್ತರು. ಮೂಲ್ಕಿಯ ಬಂಡೆಗಳಿಗೆ ಸಿಕ್ಕಿಬಿದ್ದ ಇನ್ನೊಂದು ಟಗ್ಗಿನಿಂದ 9 ಜನರನ್ನು ಹೆಲಿಕಾಪ್ಟರು, ಬೋಟು ತಂದು ಎತ್ತಿದರು. ಆದ್ದರಿಂದ ಇದು ಬೇರೆ ದೇಶದ ಕತೆ ಅಂತ ಯಾರೂ ಪುಟ ತಿರುಗಿಸಬೇಡಿ.

ತರಬೇತಿ ಒಂದೇ ಸಾಕು ಅಂತಲೂ ನಾವು ಹೇಳುತ್ತಿಲ್ಲ. ಬ್ರಿಟನ್ನಿನ ಹಡಗು ಅಪಘಾತ ತನಿಖಾ ಇಲಾಖೆ 2001ರಲ್ಲಿ ಒಂದು ಲೆಕ್ಕ ಕೊಟ್ಟಿತು: ಹತ್ತು ವರ್ಷದಲ್ಲಿ ಲೈಫ್‌ಬೋಟಿನ ಅಪಘಾತಗಳಲ್ಲೇ 12 ನಾವಿಕರು ಸತ್ತಿದ್ದರು, 87 ಜನ ಗಾಯಗೊಂಡಿದ್ದರು. ಜೀವ ಉಳಿಸುವ ಬೋಟಿನ ಕವಾಯತಿನಲ್ಲೇ ಸಾವು! ಕೊಕ್ಕೆಗಳ ರಚನೆಯೇ ಕೆಟ್ಟದಾಗಿತ್ತು, ತುಕ್ಕು ಹಿಡಿದಿತ್ತು, ಬಳಸುವ ಕ್ರಮ ತಿಳಿಯದಷ್ಟು ತೊಡಕಾಗಿತ್ತು. ಆದರೂ ಮೊದಲು ಬಾಯಿಗೆ ಬರುವ ಮಾತು 'ನಾವಿಕನ ಅಜಾಗರೂಕತೆ'. ಹಳೆಯ ಕೊಕ್ಕೆಗಳನ್ನು ಪರೀಕ್ಷೆ ಮಾಡಿ, ಕೆಟ್ಟವನ್ನು ತೆಗೆಯಬೇಕು ಅಂತ ಅಂತರರಾಷ್ಟ್ರೀಯ ನಿಯಮ ಬಂದದ್ದು 2011ರಲ್ಲಿ. ಆದ್ದರಿಂದ ನಮ್ಮ ಹುಡುಗನಿಗೆ ಬೋಟು ಇಳಿಸಲು ಮಾತ್ರ ಕಲಿಸಿದರೆ ಸಾಲದು. ತುಕ್ಕು ಹಿಡಿದ ಕೊಕ್ಕೆ ಯಾವುದು ಅಂತ ಗುರುತಿಸಲು, ತಿಂಗಳಿಗೊಮ್ಮೆ ಕವಾಯತು ಮಾಡದೆ ಪುಸ್ತಕದಲ್ಲಿ ಬರೆದುಕೊಳ್ಳುವ ಅಧಿಕಾರಿಗೆ "ಸಾರ್, ಇದು ಆಗಿಲ್ಲ" ಅಂತ ಹೇಳಲು ಕಲಿಸಬೇಕು. ಅಂಥ ಮಾತು ಹೇಳಲು ಬೇಕಾದ ಬೆನ್ನೆಲುಬು ಸಾಲ ಮಾಡಿ ಕೆಲಸ ಕೊಂಡವನಿಗೆ ಇರುವುದಿಲ್ಲ. ಅವನು ತಲೆಬಗ್ಗಿಸಿ ಸಹಿ ಹಾಕುತ್ತಾನೆ. ನಾವು ಪೂರ್ತಿ ಖರ್ಚು ಸರ್ಕಾರದ್ದಾಗಲಿ ಅನ್ನುವುದರ ಒಳಗುಟ್ಟು ಇದು.

ಆ ಬೋಟಿನ ಒಳಗಿನ ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಲೈಫ್‌ಬೋಟಿನಲ್ಲಿ ಏನೇನು ಇರಬೇಕು ಅಂತ ಅಂತರರಾಷ್ಟ್ರೀಯ ನಿಯಮದ ಪಟ್ಟಿ ಇದೆ. ತಲೆಗೆ 3 ಲೀಟರ್ ಕುಡಿಯುವ ನೀರು. ಎಲ್ಲರ ತಲೆಗೂ 3, ಕ್ಯಾಪ್ಟನ್ನಿಗೆ ನಾಲ್ಕು ಅಂತ ಇಲ್ಲ. ನೀರು ಎತ್ತಲು ದಾರ ಕಟ್ಟಿದ ಒಂದು ಸೌಟು. ಕುಡಿಯಲು ಅಳತೆಯ ಗೆರೆ ಹಾಕಿದ, ತುಕ್ಕು ಹಿಡಿಯದ ಒಂದು ಲೋಟ. ಒಂದು ಲೋಟ, ಗೆಳೆಯರೇ! ನಮ್ಮ ಊರಿನ ಹೋಟಲಿನಲ್ಲಿ ಎರಡು. ಒಳಗೆ ಸ್ಟೀಲಿನದು ಅವರಿಗೆ, ಹೊರಗೆ ಗೋಡೆಯ ಸಂದಿನಲ್ಲಿ ಸಿಕ್ಕಿಸಿದ್ದು ನಮಗೆ. ಈಗ ಪ್ಲಾಸ್ಟಿಕ್ ಲೋಟ ಬಂದು ಎರಡು ಲೋಟ ಹೋಯಿತು ಅಂತಾರೆ, ಯಾರಿಗೆ ಪ್ಲಾಸ್ಟಿಕ್ಕು ಯಾರಿಗೆ ಗಾಜು ಅಂತ ನೋಡಿ ಹೇಳಿ. ಮುಳುಗಿದ ಹಡಗಿನಿಂದ ಬಂದ ಬ್ರಾಹ್ಮಣ ಅಧಿಕಾರಿಯೂ ಟೋಪಾಸನೂ ಒಂದೇ ಲೋಟದ ಗೆರೆಯವರೆಗೆ ಕುಡಿಯಬೇಕು, ಯಾರು ಮೊದಲು ಅಂತ ಬೋಟಿನ ಜವಾಬ್ದಾರಿ ಹೊತ್ತವನು ಹೇಳಬೇಕು. ಆ ಜವಾಬ್ದಾರಿ ಹೊತ್ತವನು ನಮ್ಮ ಹಾಸ್ಟೆಲಿನ ಹುಡುಗ ಆದರೆ? ಮನಸ್ಸಿನಲ್ಲಿ ಒಮ್ಮೆ ಆ ಬೋಟನ್ನು ನೋಡಿಕೊಳ್ಳಿ. ದಡ ಸೇರಿದ ಮೇಲೆ ಅಧಿಕಾರಿ ಸ್ನಾನ ಮಾಡಿ ಜನಿವಾರ ಬದಲಿಸಿಕೊಳ್ಳುತ್ತಾನೋ ಏನೋ, ಅದು ಬೇರೆ ಮಾತು. ಬೋಟಿನಲ್ಲಿ ಜಾತಿ ಕರಗುತ್ತೆ ಅಂತ ನಾವು ನಂಬಿ ಕೂತಿಲ್ಲ.

ಈಗ ಹಿರಿಯರ ಮಾತು. ಬೋರ್‌ವೆಲ್ಲಿನ ಜಗಳ ಮುಗಿಯದೆ ಸಮುದ್ರ ಯಾಕೆ?

ಅಣ್ಣಾ, ಮಹಾಡಿಗೆ ಹೋದವರು ನೀರಿನ ದಾಹಕ್ಕೆ ಹೋಗಲಿಲ್ಲ ಎಂದು ನಮಗೆ ಕಲಿಸಿದವರು ನೀವೇ. ಬಾಬಾಸಾಹೇಬರು 1913ರಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಹೋದಾಗ ಊರಿನ ಬಾವಿಗಳು ತೆರೆದಿರಲಿಲ್ಲ. 1917ರಲ್ಲಿ ಅವರು ವಾಪಸು ಬರುವಾಗ ಅವರ ಪುಸ್ತಕಗಳು ಬೇರೆ ಹಡಗಿನಲ್ಲಿ ಬರುತ್ತಿದ್ದವು. ಆ ಹಡಗಿಗೆ ಟಾರ್ಪಿಡೊ ಬಿದ್ದು ಪುಸ್ತಕಗಳು ಸಮುದ್ರ ಪಾಲಾದವು. ಅವರು ಮತ್ತೆ ಪುಸ್ತಕ ಕೊಂಡರು, ಮತ್ತೆ ಹಡಗು ಹತ್ತಿದರು. ಬಾವಿಯೂ ಬೇಕು, ಕಡಲೂ ಬೇಕು. ಬಾವಿಯ ಜಗಳಕ್ಕೆ ನಿಲ್ಲುವ ಮನೆಗೆ ತಿಂಗಳು ತಿಂಗಳು ಸಂಬಳ ಬರುತ್ತಿದ್ದರೆ, ಗೌಡ ಕೂಲಿ ನಿಲ್ಲಿಸುತ್ತೇನೆ ಅಂತ ಹೆದರಿಸಿದಾಗ ಆ ಮನೆಯ ಒಲೆ ಆರುವುದಿಲ್ಲ. ಬಹಿಷ್ಕಾರ ಹಾಕಿದ ಕೇರಿಗಳನ್ನು ನಾವು ನೀವು ಜೊತೆಯಲ್ಲೇ ಕಂಡಿದ್ದೇವೆ.

ದುಡ್ಡು ಎಲ್ಲಿಂದ ಅಂತ ಕೇಳುವವರಿಗೆ: 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಹಡಗು ಕಟ್ಟುವ ಉದ್ಯಮಕ್ಕೆ, ಕಡಲ ವ್ಯವಹಾರಕ್ಕೆ 69,725 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಹಡಗು ಕಟ್ಟಲಿ, ಸಂತೋಷ. ಆ ಹಡಗುಗಳ ಬೋಟು ಇಳಿಸುವವನ ಪಾಲು ಅದರಲ್ಲಿ ಎಷ್ಟು? ಅದು ದಿಲ್ಲಿಯ ಮಾತಾಯಿತು. ನಮ್ಮ ಮನೆಯಲ್ಲಿ 2013ರ ಕಾಯ್ದೆ ಇದೆ. ಜನಸಂಖ್ಯೆಗೆ ತಕ್ಕ ಹಾಗೆ, ನೂರಕ್ಕೆ 24.1ರಷ್ಟು ಅಭಿವೃದ್ಧಿಯ ಹಣ ಪರಿಶಿಷ್ಟರಿಗೆ. ಆ ಹಣ ರಸ್ತೆಗೆ, ಸೇತುವೆಗೆ, ಎಲ್ಲರಿಗೂ ಹಂಚುವ ಯೋಜನೆಗೆ ಹೋಗುವುದನ್ನು ನೋಡಿದ್ದೇವೆ. ಬೇರೆ ಕಡೆ ತಿರುಗಿಸಲು ದಾರಿ ಮಾಡಿದ್ದ 7(ಡಿ) ಕಲಮನ್ನು ಹೋರಾಟದಿಂದಲೇ 2023ರಲ್ಲಿ ತೆಗೆಸಿದ್ದು. ಆ ಹಣದಲ್ಲಿ ಕಾರವಾರದಲ್ಲೋ ಮಂಗಳೂರಿನಲ್ಲೋ ಒಂದು ಸರ್ಕಾರಿ ಕಡಲ ವಸತಿ ಶಾಲೆ ತೆರೆಯಿರಿ. ಮೊದಲ ತಿಂಗಳು ಬರೀ ಈಜು. ಎರಡನೆಯದಾಗಿ ಇಂಗ್ಲಿಷು, ಪಾಠದ ಪುಸ್ತಕ ಕನ್ನಡದಲ್ಲೂ ಇರಲಿ. ನಿಜವಾದ ಡೇವಿಟ್, ನಿಜವಾದ ಬೋಟು, ನಿಜವಾದ ಸಮುದ್ರ ಇರಲಿ, ಟಿ.ವಿ. ಬೇಡ. ಸರ್ಟಿಫಿಕೇಟು ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕಾಗುತ್ತದೆ, ಆ ಖರ್ಚೂ ಸೇರಲಿ. ತರಬೇತಿ ಮುಗಿದ ಮೇಲೆ ಕೆಲಸಕ್ಕೆ ಹಚ್ಚುವ ಹೊಣೆ ಸರ್ಕಾರದ ಕಚೇರಿಯದ್ದೇ ಆಗಲಿ. ನಮ್ಮ ಹುಡುಗಿಯರಿಗೂ ಅಷ್ಟೇ ಜಾಗ. ಈಜಿನ ಕೊಳಕ್ಕೆ ಕಾಯುವುದು ಯಾಕೆ, ಜಿಲ್ಲಾ ಕೇಂದ್ರದ ಕೊಳವನ್ನು ವಾರಕ್ಕೆ ಎರಡು ದಿನ ಹಾಸ್ಟೆಲಿನವರಿಗೆ ಬಿಡಲು ಬಜೆಟ್ಟೇ ಬೇಕಾಗಿಲ್ಲ, ಒಂದು ಆದೇಶ ಸಾಕು.

ಅರ್ಜಿ ಬರೆದಾಗಿದೆ. ಇದುವರೆಗೆ ನಮ್ಮ ಹಾಸ್ಟೆಲಿನ ನೋಟಿಸ್ ಬೋರ್ಡಿನಲ್ಲಿ ಕಡಲ ತರಬೇತಿಯ ಒಂದು ಚೀಟಿಯನ್ನೂ ನಾವು ಕಂಡಿಲ್ಲ, ಆದ್ದರಿಂದ ಮೊದಲ ಸಹಿ ವಾರ್ಡನ್ನರಿಂದಲೇ ಕೇಳೋಣ. ಹಾಕದಿದ್ದರೆ ಯಾಕೆ ಹಾಕಲಿಲ್ಲ ಅಂತ ಬರೆಸಿಕೊಳ್ಳಿ. ಹತ್ತನೆಯ ತರಗತಿ ಮುಗಿಸಿದವರು ಅಂಕಪಟ್ಟಿ, ಜಾತಿ ಪ್ರಮಾಣಪತ್ರದ ನಕಲು ಲಗತ್ತಿಸಿ. ದಲ್ಲಾಳಿಗೆ ದುಡ್ಡು ಕೊಟ್ಟು ಕಳಕೊಂಡವರು ನಾಚಿಕೆ ಬಿಟ್ಟು ಬನ್ನಿ, ನಿಮ್ಮ ಕಾಗದ ನಮಗೆ ಎಲ್ಲಕ್ಕಿಂತ ಮುಖ್ಯ. ಜಿಲ್ಲಾ ಸಮಾಜ ಕಲ್ಯಾಣ ಕಚೇರಿಗೆ ಒಟ್ಟಿಗೆ ಹೋಗಿ ಕೊಡೋಣ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಯಾರೂ ಮೆಟ್ಟಿಲು ಇಳಿಯಬೇಡಿ. ಈಜು ಬರುತ್ತಾ ಅಂತ ಅಲ್ಲಿ ಯಾರಾದರೂ ಕೇಳಿದರೆ, ನಿಮ್ಮ ಊರಿನ ಕೆರೆಯ ಹೆಸರನ್ನೂ ಅದಕ್ಕೆ ಇಳಿಯಬೇಡ ಅಂದವರ ಹೆಸರನ್ನೂ ಅರ್ಜಿಯ ಹಿಂಬದಿಯಲ್ಲಿ ಬರೆದು ಕೊಡಿ. ಅದಕ್ಕೆಂದೇ ಹಿಂಬದಿ ಖಾಲಿ ಬಿಟ್ಟಿದ್ದೇವೆ.